‘ಇನ್ನೂರು ಪ್ರಬಂಧ ಬರೆದಿದ್ದಾರೆ’ ಎಂದರೆ ಏನೇನು ನೋಡಬೇಕು?

ಐಸಿಯು ತಜ್ಞರೊಬ್ಬರ ಪರಿಚಯದಲ್ಲಿ ‘ಸೆಪ್ಸಿಸ್ (ಸೋಂಕಿನಿಂದ ಅಂಗಗಳೇ ಕೈಕೊಡುವ ನಂಜು) ಕುರಿತು 200 ಪ್ರಬಂಧ’ ಎಂಬ ಸಾಲು ಕಂಡರೆ ತಲೆದೂಗಿ ಮುಂದೆ ಹೋಗುತ್ತೇವೆ. ಆ ಪಟ್ಟಿಯೊಳಗೆ ಇಳಿಯಲು ವೈದ್ಯರೇ ಆಗಬೇಕಿಲ್ಲ. ಬಿಡುವಿನ ಒಂದು ಸಂಜೆ, ಒಂದಿಷ್ಟು ಅನುಮಾನ ಸಾಕು.

1. ಇವರೇ ಅವರು ಹೌದೇ?
ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ಉಚಿತ. ಆದರೆ ಅಲ್ಲಿ ಬರೀ ಹೆಸರು ಹಾಕಿದರೆ ಅದೇ ಇನಿಷಿಯಲ್ ಇರುವ ಹತ್ತಾರು ಜನರ ಪ್ರಬಂಧಗಳು ಕಲಸುಮೇಲೋಗರವಾಗಿ ಬರುತ್ತವೆ. ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆ ಸಿಕ್ಕರೆ ಅದನ್ನೇ ಹಾಕಿ ಹುಡುಕಿ. ಇಲ್ಲದಿದ್ದರೆ ಹೆಸರಿನ ಜತೆ ಸಂಸ್ಥೆಯನ್ನೂ ಸೇರಿಸಿ.

2. ಜರಡಿ ಹಿಡಿಯಿರಿ
ಸಂಪಾದಕರಿಗೆ ಬರೆದ ಪತ್ರವೂ ಪಟ್ಟಿಯಲ್ಲಿ ಒಂದು, ಸಾವಿರ ರೋಗಿಗಳ ಪ್ರಯೋಗವೂ ಒಂದು. ಫಿಲ್ಟರ್‌ನಲ್ಲಿ ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ಗೆ, ಅಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗಕ್ಕೆ, ಗುರುತು ಹಾಕಿ. ಇನ್ನೂರು ಹತ್ತಕ್ಕೆ ಇಳಿದರೂ ಮೂಗು ಮುರಿಯಬೇಡಿ. ಐಸಿಯುನಲ್ಲಿ ಒಂದು ದೊಡ್ಡ ಪ್ರಯೋಗ ಮುಗಿಸಲು ವರ್ಷಗಳೇ ಹಿಡಿಯುತ್ತವೆ.

3. ಹೆಸರು ಎಲ್ಲಿದೆ?
ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿ ಬರೆದವರದು, ಕೊನೆಯದು ಹಿರಿಯ ಮಾರ್ಗದರ್ಶಕರದು. ದೊಡ್ಡ ಪ್ರಯೋಗಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ರಕ್ತದ ಸಕ್ಕರೆ ನಿಯಂತ್ರಣ ಕುರಿತು 6,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ನೈಸ್-ಶುಗರ್’ಗೆ ಲೇಖಕರ ಜಾಗದಲ್ಲಿ ಇರುವುದು ತಂಡದ ಹೆಸರು.

4. ಬೇರೆಯವರು ಮಾಡಿದಾಗ ಏನಾಯಿತು?
ನನ್ನ ಮಟ್ಟಿಗೆ ಪಟ್ಟಿಯ ಜೀವ ಇರುವುದು ಇಲ್ಲಿ. 2017ರಲ್ಲಿ ಒಂದು ಪ್ರಬಂಧ ಬಂತು: ವಿಟಮಿನ್ ಸಿ, ಸ್ಟೆರಾಯ್ಡ್, ಥಯಮಿನ್ ಮೂರನ್ನೂ ಕೊಟ್ಟ 47 ಸೆಪ್ಸಿಸ್ ರೋಗಿಗಳಲ್ಲಿ ಸತ್ತವರು ಶೇ 8.5, ಅದಕ್ಕೂ ಮೊದಲು ಅದೇ ಐಸಿಯುನಲ್ಲಿದ್ದ 47 ಜನರಲ್ಲಿ ಶೇ 40.4. ಎಲ್ಲೆಡೆ ಸುದ್ದಿಯೋ ಸುದ್ದಿ. ಗಮನಿಸಿ, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿರಲಿಲ್ಲ. ಹಿಂದಿನವರನ್ನೂ ಈಗಿನವರನ್ನೂ ಹೋಲಿಸಿದ್ದರು ಅಷ್ಟೆ. 2020ರಲ್ಲಿ 216 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. 2022ರ ‘ಲೋವಿಟ್’ ಪ್ರಯೋಗದಲ್ಲಂತೂ ಬರೀ ವಿಟಮಿನ್ ಸಿ ಪಡೆದವರಲ್ಲೇ ಸಾವು ಅಥವಾ ಅಂಗವೈಫಲ್ಯ ಹೆಚ್ಚು.

ಎಲ್ಲ ಸೋಲೂ ಒಂದೇ ಬಗೆಯದಲ್ಲ. 2001ರಲ್ಲಿ ವೈದ್ಯ ಇಮ್ಯಾನ್ಯುಯೆಲ್ ರಿವರ್ಸ್ ಅಮೆರಿಕದ ಡೆಟ್ರಾಯಿಟ್‌ನ ಒಂದೇ ಆಸ್ಪತ್ರೆಯಲ್ಲಿ, 263 ರೋಗಿಗಳ ಮೇಲೆ, ಮೊದಲ ಆರು ಗಂಟೆಗಳಲ್ಲಿ ರಕ್ತದೊತ್ತಡ ಮುಂತಾದವು ಇಂತಿಷ್ಟಕ್ಕೆ ಬರಬೇಕೆಂದು ಗುರಿಯಿಟ್ಟು ಕೊಟ್ಟ ಚಿಕಿತ್ಸೆಯಿಂದ ಸಾವು ಶೇ 46.5ರಿಂದ 30.5ಕ್ಕೆ ಇಳಿದದ್ದನ್ನು ತೋರಿಸಿದರು. 2014–15ರ ಮೂರು ದೊಡ್ಡ ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ. ಆದರೆ ಅಷ್ಟರಲ್ಲಿ ಮಾಮೂಲಿ ಚಿಕಿತ್ಸೆಯೇ ಬದಲಾಗಿತ್ತು. ನಂಜನ್ನು ಬೇಗ ಗುರುತಿಸಿ, ತಡಮಾಡದೆ ಆ್ಯಂಟಿಬಯಾಟಿಕ್, ಡ್ರಿಪ್ ಶುರುಮಾಡುವುದು ರೂಢಿಯಾಗಿತ್ತು. ಆ ರೂಢಿಗೆ ರಿವರ್ಸ್ ಪ್ರಬಂಧದ ಋಣವೂ ಇದೆ.

ಇನ್ನೊಂದು ಮಾತು: 2016ರಲ್ಲಿ ಸೆಪ್ಸಿಸ್‌ನ ವ್ಯಾಖ್ಯೆಯೇ ಬದಲಾಯಿತು. ಅದರ ಆಚೀಚಿನ ಪ್ರಬಂಧಗಳನ್ನು ಹೋಲಿಸುವಾಗ ರೋಗಿಗಳು ಒಂದೇ ತೆರನಾದವರೇ ನೋಡಿ.

5. ಎಚ್-ಇಂಡೆಕ್ಸ್‌ಗೆ ಮರುಳಾಗದಿರಿ
ಎಚ್-ಇಂಡೆಕ್ಸ್ 20 ಎಂದರೆ, ಕನಿಷ್ಠ 20 ಸಲ ಉಲ್ಲೇಖವಾದ ಪ್ರಬಂಧಗಳು 20 ಇವೆ ಎಂದರ್ಥ. ಹೊಗಳಲು ಉಲ್ಲೇಖಿಸಿದರೋ ಖಂಡಿಸಲೋ, ಅದು ಹೇಳುವುದಿಲ್ಲ.

6. ವಾಪಸಾದದ್ದು ಇದೆಯೇ?
ತಪ್ಪು ಅಥವಾ ಅಕ್ರಮದ ಕಾರಣ ಪ್ರಕಟಣೆಯಿಂದ ಹಿಂಪಡೆದ ಪ್ರಬಂಧದ ಪುಟದಲ್ಲಿ ಪಬ್‌ಮೆಡ್ ಎದ್ದುಕಾಣುವಂತೆ ಸೂಚನೆ ಹಾಕುತ್ತದೆ. ಒಬ್ಬೊಬ್ಬರ ಪಟ್ಟಿಯಲ್ಲಿ ಇದು ಎಷ್ಟು ದೊಡ್ಡದಾಗಬಹುದು ನೋಡಿ: ರಕ್ತದೊತ್ತಡ ಕುಸಿದವರಿಗೆ ಕೊಡುತ್ತಿದ್ದ ಪಿಷ್ಟದ ಡ್ರಿಪ್ ಬಗ್ಗೆ 2013ರಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಅವುಗಳಲ್ಲಿ ಏಳು, ಅಕ್ರಮದಿಂದಾಗಿ ಪ್ರಬಂಧಗಳು ರದ್ದಾಗಿದ್ದ ಒಬ್ಬರೇ ಸಂಶೋಧಕರವು. ಆ ಏಳರಲ್ಲಿದ್ದ ರೋಗಿಗಳು ಬರೀ 590. ಅವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ಆ ಡ್ರಿಪ್ ಪಡೆದವರಲ್ಲಿ ಸಾವು ಹೆಚ್ಚೆಂದು ಕಂಡುಬಂತು.