ಹಳೇ ಸೀಕೋ 5: ಮುಚ್ಚಳ ಹೇಳುವುದೊಂದು, ಡಯಲ್ ಹೇಳುವುದೊಂದು

ಎಚ್‌ಎಂಟಿ ಊರಲ್ಲಿ ಕೂತು ಸೀಕೋ ಬಗ್ಗೆ ಬರೆಯೋದು ಸ್ವಲ್ಪ ದ್ರೋಹವೇ. ಆದರೆ ಗಲ್ಫ್‌ಗೆ ಹೋಗಿ ಬಂದವರ ಕೈಯಲ್ಲಿ ಬೆಂಗಳೂರು ಸೇರಿದ ಸೀಕೋ 5 ವಾಚುಗಳು ಇಲ್ಲಿನ ಬೀರುಗಳಲ್ಲಿ ಇನ್ನೂ ಬೇಕಾದಷ್ಟಿವೆ. ‘ಸೀಕೋ 5’ ಎಂಬುದು ಮಾಡೆಲ್ ಅಲ್ಲ, 1963ರಿಂದ ನಡೆದು ಬಂದ ಒಂದು ವಂಶದ ಹೆಸರು. ಹಾಗಾಗಿ ಯಾವ ಸೀಕೋ 5 ಅಂತ ತಿಳಿಯಲು ಡಯಲ್ ಮೇಲಿನ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಂಕಿಗಳಿಗೆ ಹೋಗಬೇಕು.

ಶುರು ಮಾಡುವುದು ಹಿಂಬದಿ ಮುಚ್ಚಳದಿಂದ. ಅಲ್ಲಿ ಅಡ್ಡಗೆರೆ ಇರುವ ಒಂದು ಕೋಡ್ ಇರುತ್ತದೆ, ಉದಾಹರಣೆಗೆ 7009-876A. ಗೆರೆಯ ಮೊದಲಿನ ನಾಲ್ಕು ಅಂಕಿ ಒಳಗಿನ ಮೂವ್‌ಮೆಂಟ್‌ನದು, ಅಂದರೆ ವಾಚು ನಡೆಸುವ ಯಂತ್ರದ್ದು; ನಂತರದ್ದು ಕೇಸಿನದು, ಅಂದರೆ ಹೊರಕವಚದ್ದು. ಇನ್ನೊಂದು ಬಿಡಿ ಸಂಖ್ಯೆ ಸೀರಿಯಲ್. ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. 1ರಿಂದ 9ರ ತನಕ ಅಂಕಿ ಇದ್ದರೆ ಜನವರಿಯಿಂದ ಸೆಪ್ಟೆಂಬರ್, ಆಮೇಲೆ ಓ, ಎನ್, ಡಿ ಅಕ್ಷರಗಳು ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ. ಓ ಎಂಬುದನ್ನು ಸೊನ್ನೆ ಅಂತ ಓದಿದರೂ ಅದು ಅಕ್ಟೋಬರೇ.

ದಶಕ ಮಾತ್ರ ಸೀರಿಯಲ್‌ನಲ್ಲಿ ಇರುವುದಿಲ್ಲ. ಅದನ್ನು ಮೂವ್‌ಮೆಂಟ್‌ನಿಂದ ಹಿಡಿಯಬೇಕು. 6119 ಇದ್ದು ಸೀರಿಯಲ್ 14ರಿಂದ ಶುರುವಾದರೆ 1971ರ ಏಪ್ರಿಲ್, ಅನುಮಾನವಿಲ್ಲ. 7009 ಎಪ್ಪತ್ತರ ದಶಕದಲ್ಲೂ ಎಂಬತ್ತರಲ್ಲೂ ತಯಾರಾದದ್ದು. ಅಲ್ಲಿ ಸೀರಿಯಲ್ 7ರಿಂದ ಶುರುವಾದರೆ ‘1977 ಅಥವಾ 1987’ ಅಂತಲೇ ಬರೆದಿಡುತ್ತೇನೆ. ಮಾರುವವರು ಯಾವಾಗಲೂ ಹಳೆಯದನ್ನೇ ಆರಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಬೆವರು, ಪಾಲಿಶ್ ಎರಡೂ ಸೇರಿ ಈ ಅಂಕಿಗಳನ್ನು ಸವೆಸಿರುತ್ತವೆ. ಸೂಜಿಯಿಂದ ಕೆರೆಯಬೇಡಿ. ಹಲ್ಲುಕಡ್ಡಿಯಿಂದ ಕೊಳೆ ತೆಗೆದು, ಸೀಮೆಸುಣ್ಣದ ಪುಡಿ ಉಜ್ಜಿ, ಮೇಲಷ್ಟೇ ಬೆರಳಿನಿಂದ ಒರೆಸಿದರೆ ತಗ್ಗಿನಲ್ಲಿ ಪುಡಿ ನಿಂತು ಅಂಕಿ ಬೆಳ್ಳಗೆ ಎದ್ದು ಕಾಣುತ್ತದೆ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಬೇಕು.

ಮುಚ್ಚಳ ಬದಲಾಯಿಸುವುದು ಎರಡು ನಿಮಿಷದ ಕೆಲಸ, ಅದನ್ನೊಂದೇ ನಂಬುವಂತಿಲ್ಲ. ಎರಡನೇ ಸಾಕ್ಷಿ ಡಯಲ್. 6ರ ಗುರುತಿನ ಕೆಳಗೆ, ಅಂಚಿಗೆ ಅಂಟಿಕೊಂಡಂತೆ, ಕೂದಲೆಳೆಯಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಕೋಡ್ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ವಾಚನ್ನು ವಾಲಿಸಿ ನೋಡಿ. ಮೊದಲ ನಾಲ್ಕು ಅಂಕಿ ಮುಚ್ಚಳದ ಜೊತೆ ಕೂಡಬೇಕು. ಕೊನೆಯ ಭಾಗ ಬೇರೆಯಾದರೆ ಗಾಬರಿ ಬೇಡ. ಒಂದೇ ಡಯಲ್ ಹಲವು ಕೇಸುಗಳಿಗೆ ಹೋಗುತ್ತಿತ್ತು. ಕೋಡೇ ಇಲ್ಲ, ಅಥವಾ ಅಕ್ಷರ ದಪ್ಪಗೆ ಕಲಸಿಕೊಂಡಿದೆ, ತಾರೀಕಿನ ಕಿಂಡಿಯ ಅಂಚಿಗೆ ಬಣ್ಣ ಜಾರಿದೆ ಎಂದರೆ ಅದು ಮತ್ತೆ ಬಣ್ಣ ಹೊಡೆದ ಡಯಲ್. ನಿಮಿಷದ ಮುಳ್ಳು ನಿಮಿಷದ ಗೆರೆಗಳ ಹತ್ತಿರವೂ ತಲುಪದಿದ್ದರೆ ಮುಳ್ಳು ಬೇರೆ ವಾಚಿನದಿರಬಹುದು. ವಾರದ ಹೆಸರು ಅರಬ್ಬಿಯಲ್ಲಿ ಬಂದರೆ ಮಾತ್ರ ಅದನ್ನು ದೋಷ ಎನ್ನಬೇಡಿ, ಗಲ್ಫ್ ಮಾರುಕಟ್ಟೆಯ ವಾಚಿಗೆ ಅದೇ ಸಹಜ.

ಸಂಡೇ ಬಜಾರ್‌ನಲ್ಲಿ ಮುಚ್ಚಳ ಬಿಚ್ಚಲು ಬಿಡುವವರು ಕಡಿಮೆ. ಆಗ ವಾಚಿನ ಪಕ್ಕದ ಕೀ ತಿರುಗಿಸಿ ಪರೀಕ್ಷೆ ಮಾಡುತ್ತೇನೆ. 6119, 6309, 7009 ಮೂರೂ ಕೈಯಿಂದ ಕೀ ಕೊಡುವಂಥವಲ್ಲ; ಹೊರಗೆಳೆಯದೆ ತಿರುಗಿಸಿದಾಗ ಕರಕರ ಅಂತ ಸ್ಪ್ರಿಂಗ್ ಬಿಗಿಯಾದರೆ ಒಳಗಿರುವುದು ಬೇರೆ ಯಂತ್ರ. 6119ರಲ್ಲಿ ಕೀಯನ್ನು ಒಳಕ್ಕೆ ಒತ್ತಿದರೆ ತಾರೀಕು, ಇನ್ನೂ ಒತ್ತಿದರೆ ವಾರ ಬದಲಾಗುತ್ತದೆ. 6309, 7009ರಲ್ಲಿ ಒಂದು ಮೆಟ್ಟಿಲು ಹೊರಗೆಳೆದು ಒಂದು ಕಡೆ ತಿರುಗಿಸಿದರೆ ತಾರೀಕು, ಇನ್ನೊಂದು ಕಡೆ ವಾರ. ಮುಳ್ಳುಗಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇದ್ದರೆ ಈ ಪರೀಕ್ಷೆ ಬೇಡ, ತಾರೀಕು ಬದಲಿಸುವ ಚಕ್ರದ ಹಲ್ಲುಗಳು ಕಚ್ಚಿಕೊಂಡಿರುವ ಹೊತ್ತು ಅದು, ಮುರಿದರೆ ಬಿಡಿಭಾಗ ಹುಡುಕಬೇಕು. ಕೀ ಪೂರ್ತಿ ಎಳೆದಾಗ ಸೆಕೆಂಡಿನ ಮುಳ್ಳು ನಿಂತರೂ ಎಚ್ಚರ: 6119 ನಿಲ್ಲುವುದಿಲ್ಲ, ಅದರ ಅಣ್ಣನಂತಿರುವ 6106 ನಿಲ್ಲುತ್ತದೆ. ಫೋನಿನ ಟೈಮಿಂಗ್ ಆ್ಯಪ್ ಇದ್ದರೆ ಬಡಿತವನ್ನೂ ನೋಡಿ. ಮೇಲಿನ ಮೂರೂ ಗಂಟೆಗೆ 21,600 ಬಡಿಯುತ್ತವೆ. 18,000 ತೋರಿಸಿದರೆ ವಾಪಸ್ ಕೊಟ್ಟುಬಿಡಿ.

ಮನೆಗೆ ತಂದಮೇಲೆ ಮುಚ್ಚಳ ತೆಗೆದರೆ ಮೂವ್‌ಮೆಂಟ್ ಮೇಲೆಯೇ ನಂಬರ್ ಇರುತ್ತದೆ, ರೋಟರ್ (ಕೈ ಅಲ್ಲಾಡಿದಾಗ ತಿರುಗಿ ಸ್ಪ್ರಿಂಗ್ ಬಿಗಿಯುವ ತಟ್ಟೆ) ಮೇಲೋ ಅದರ ಕೆಳಗೋ. ರೋಟರ್ ಅಡ್ಡ ಬಂದರೆ ವಾಚನ್ನು ನಿಧಾನ ತಿರುಗಿಸಿ, ಅದು ತಾನಾಗಿ ಸರಿಯುತ್ತದೆ. ಕಚ್ಚುಗಳಿರುವ ಮುಚ್ಚಳ ತಿರುಪಿನದು, ಅದಕ್ಕೆ ಪಿನ್ ಇರುವ ಓಪನರ್ ಬೇಕು. ಒಂದೇ ಕಡೆ ಸಣ್ಣ ಸಂದು ಇದ್ದರೆ ಒತ್ತಿ ಕೂರಿಸಿದ್ದು, ಅಲ್ಲಿಗೆ ಕೇಸ್ ಚಾಕು. ಮುಚ್ಚುವ ಮೊದಲು ರಬ್ಬರ್ ರಿಂಗ್ ನೋಡಿ. ಗಟ್ಟಿಯಾಗಿದ್ದರೆ ಅಥವಾ ಅಂಟಂಟಾಗಿದ್ದರೆ ಅದೇ ಅಳತೆಯ ಹೊಸದನ್ನು ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಬೇಕು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಗಾಜಿನ ಒಳಗೆ ಮಂಜು.