ಅಡಿಕೆ ಸಿಪ್ಪೆಯ ಮೇಲೆ ಬೆಳ್ಳಿ ಕೂರಿಸಿದ್ದು

ಮನೆಯಲ್ಲಿ ಅಡಿಕೆ ಸುಲಿದ ಮೇಲೆ ಸಿಪ್ಪೆ ರಾಶಿ ಬೀಳುತ್ತದೆ. ಸ್ವಲ್ಪ ಒಲೆಗೆ, ಸ್ವಲ್ಪ ಮರದ ಬುಡಕ್ಕೆ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಆ ರಾಶಿಯೇ ಕಣ್ಣಿಗೆ ಬಿತ್ತು. ಸಿಪ್ಪೆಯಿಂದ ನ್ಯಾನೊಸೆಲ್ಯುಲೋಸ್ (ಗಿಡದ ನಾರಿನ ಅತಿ ಸೂಕ್ಷ್ಮ ಎಳೆ) ತೆಗೆಯುವುದು, ಅದರ ಮೇಲೆ ಬೆಳ್ಳಿಯ ನ್ಯಾನೊಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಕೂರಿಸುವುದು, ಬ್ಯಾಕ್ಟೀರಿಯಾ ಸಾಯುತ್ತದಾ ನೋಡುವುದು. ಬರೀ ಬೆಳ್ಳಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕೂರಲು ಆಸರೆ ಬೇಕು, ಅದಕ್ಕೇ ಸೆಲ್ಯುಲೋಸ್.

ಸಿಪ್ಪೆ ಪುಡಿಯನ್ನು 4% ಕಾಸ್ಟಿಕ್ ಸೋಡಾದಲ್ಲಿ 80 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದೆ. ನೀರು ಕಾಫಿ ಡಿಕಾಕ್ಷನ್ ತರಹ ಆಯಿತು. ಮೂರು ಸಲ ಹೀಗೆ ಮಾಡಿ, ಆಮೇಲೆ ಸೋಡಿಯಂ ಕ್ಲೋರೈಟ್‌ನಲ್ಲಿ ಬಿಳಿ ಮಾಡಿದೆ. ಇದನ್ನು ಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಬೇಕು, ಬರುವ ಗ್ಯಾಸ್ ವಿಷ. ಕೊನೆಗೆ ನಾರನ್ನು ನ್ಯಾನೊ ಗಾತ್ರಕ್ಕೆ ಒಡೆಯಲು 64% ಸಲ್ಫ್ಯೂರಿಕ್ ಆಮ್ಲ, 45 ಡಿಗ್ರಿ, 45 ನಿಮಿಷ. ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ಗಂಟೆ ದಾಟಿಸಿದೆ, ಎಲ್ಲ ಕರಕಲಾಯಿತು. ಸಮಯಕ್ಕೆ ಸರಿಯಾಗಿ ಹತ್ತು ಪಟ್ಟು ತಣ್ಣೀರು ಸುರಿದರೆ ಮಾತ್ರ ಬಚಾವ್. ಆಮ್ಲ ಹೋಗುವವರೆಗೆ ಡಯಾಲಿಸಿಸ್ ಚೀಲದಲ್ಲಿ ಐದು ದಿನ. ಇಷ್ಟೆಲ್ಲ ಆಮ್ಲ, ಕ್ಷಾರ ಬಳಸಿ ಇದನ್ನು ‘ಹಸಿರು ವಿಧಾನ’ ಅನ್ನುವಾಗ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಹಸಿರು ಇರುವುದು ಮುಂದಿನ ಹಂತದಲ್ಲಿ ಮಾತ್ರ.

ಆ ಹಂತಕ್ಕೆ ಸೀಬೆ ಎಲೆ ಆರಿಸಿಕೊಂಡೆ. ಅದರ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳೇ ಬೆಳ್ಳಿ ಅಯಾನನ್ನು (ನೀರಲ್ಲಿ ಕರಗಿದ, ಧನ ಚಾರ್ಜಿನ ಬೆಳ್ಳಿಯನ್ನು) ಲೋಹವಾಗಿಸುತ್ತವೆ. 100 ಮಿ.ಲೀ. ನೀರಿಗೆ 10 ಗ್ರಾಂ ಎಲೆ, ಕಾಯಿಸಿ ಸೋಸಿದ ಕಷಾಯ. ಇನ್ನೊಂದು ಕಡೆ 100 ಮಿ.ಲೀ. ನೀರಿಗೆ 17 ಮಿ.ಗ್ರಾಂ ಸಿಲ್ವರ್ ನೈಟ್ರೇಟ್, ಅಂದರೆ 1 ಮಿಲಿಮೋಲಾರ್. ಮೊದಲ ದಿನ ಅದು ಹಾಲಿನಂತೆ ಬೆಳ್ಳಗಾಯಿತು! ಬೀಕರನ್ನು ಬೋರ್‌ವೆಲ್ ನೀರಲ್ಲಿ ತೊಳೆದಿದ್ದೆ. ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಎಂಬ ಬಿಳಿ ಪುಡಿ ಮಾಡಿಬಿಟ್ಟಿತ್ತು.

ಆಮ್ಲದಿಂದಾಗಿ ಸೆಲ್ಯುಲೋಸ್ ಮೇಲೆ ಉಳಿದ ಸಲ್ಫೇಟ್ ಗುಂಪುಗಳಿಗೆ ಋಣ ಚಾರ್ಜ್. ಹಾಗಾಗಿ ಬೆಳ್ಳಿ ಅಯಾನು ಮೊದಲು ಅಲ್ಲಿ ಹೋಗಿ ಕೂರುತ್ತದೆ, ಆಮೇಲೆ ಕಷಾಯ ಹಾಕಬೇಕು. ಕ್ಷಾರ ಸೇರಿಸಿ ಪಿಎಚ್ 9ಕ್ಕೆ ಏರಿಸಿದರೆ ದ್ರಾವಣ ಬೇಗ ಹಳದಿ, ಆಮೇಲೆ ಕಂದು. ಅದೇ ಬೆಳ್ಳಿ ಕಣ ಆಗುತ್ತಿರುವ ಗುರುತು. ಆದರೆ ಕ್ಷಾರ ಜಾಸ್ತಿಯಾದರೆ ಸಿಲ್ವರ್ ಆಕ್ಸೈಡ್ ಕೂಡ ಕಂದಾಗಿಯೇ ಇಳಿಯುತ್ತದೆ. ಕಣ್ಣನ್ನು ನಂಬುವಂತಿಲ್ಲ. ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರಿನಲ್ಲಿ 430 ನ್ಯಾನೊಮೀಟರ್ ಹತ್ತಿರ ಬೆಳ್ಳಿ ನ್ಯಾನೊಕಣದ ಶಿಖರ ಕಂಡ ಮೇಲೇ ಸಮಾಧಾನ. ಅದೂ ಅರ್ಧ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಯಾವ ಹರಳು ಎಂದು ಗುರುತಿಸುವ ಪರೀಕ್ಷೆ) ಬೆಳ್ಳಿಯ 38 ಡಿಗ್ರಿ ಶಿಖರದ ಪಕ್ಕ, 32ರಲ್ಲಿ ಇನ್ನೊಂದು ಇತ್ತು. ಸಿಲ್ವರ್ ಕ್ಲೋರೈಡ್! ಈ ಸಲ ಬೋರ್‌ವೆಲ್ ಅಲ್ಲ, ಎಲೆಯಲ್ಲೇ ಕ್ಲೋರೈಡ್ ಇತ್ತು. ಕಷಾಯ ಕಡಿಮೆ ಮಾಡಿದೆ, ಶಿಖರ ತಗ್ಗಿತು.

ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ನಾನು ಚೆನ್ನಾಗಿ ಮೋಸ ಹೋದೆ. ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿದ ಅಗರ್ (ಜೆಲ್ಲಿಯಂಥ ಆಹಾರ) ಪ್ಲೇಟಿನಲ್ಲಿ, ಬೆಳ್ಳಿ-ಸೆಲ್ಯುಲೋಸ್ ಹಾಕಿದ ಪುಟ್ಟ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದೊಡ್ಡ ಖಾಲಿ ವೃತ್ತ. ಫೋಟೊ ತೆಗೆದು ಗೆಳೆಯರಿಗೆ ಕಳಿಸಿದೆ. ಮರುದಿನ ಬರೀ ಸಿಲ್ವರ್ ನೈಟ್ರೇಟ್ ಹಾಕಿದ ಡಿಸ್ಕಿನಲ್ಲೂ ಹೆಚ್ಚುಕಡಿಮೆ ಅಷ್ಟೇ ವೃತ್ತ! ಉಳಿದ ಅಯಾನನ್ನು ತೊಳೆದಿರಲೇ ಇಲ್ಲ. ಕೊಂದಿದ್ದು ನ್ಯಾನೊಕಣವೋ ಅಯಾನೋ, ಯಾರಿಗೆ ಗೊತ್ತು? ಮೂರು ಸಲ ಸೆಂಟ್ರಿಫ್ಯೂಜ್ ಮಾಡಿ ತೊಳೆದೆ. ವೃತ್ತ ಡಿಸ್ಕಿನ ಅಂಚಿಗೆ ಬಂದು ನಿಂತಿತು. ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಹೊಳೆಯಿತು. ನಾರಿಗೆ ಅಂಟಿದ ಕಣ ಅಗರ್‌ನೊಳಗೆ ನಡೆದು ಹೋಗುವುದಾದರೂ ಹೇಗೆ? ಡಿಸ್ಕ್ ಬಿಟ್ಟು, ಉಪ್ಪು ಹಾಕದ ತೆಳು ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ ಆಹಾರ) ಬ್ಯಾಕ್ಟೀರಿಯಾ ಜೊತೆ ಕುಲುಕಿಸಿದೆ. ಉಪ್ಪಿದ್ದರೆ ಮತ್ತೆ ಕ್ಲೋರೈಡ್ ಕಾಟ, ಅಲ್ವಾ. 1, 3, 24 ಗಂಟೆಗೆ ಸ್ವಲ್ಪ ಸ್ವಲ್ಪ ತೆಗೆದು ಪ್ಲೇಟಿಗೆ ಹಚ್ಚಿ ಕಾಲೊನಿ ಎಣಿಸಿದೆ. ಬರೀ ಸೆಲ್ಯುಲೋಸ್ ಇದ್ದಲ್ಲಿ ಹುಲುಸಾಗಿ ಬೆಳೆದಿತ್ತು, ಬರೀ ಕಷಾಯ ಇದ್ದಲ್ಲಿ ಕೊಂಚ ಕಡಿಮೆ. ತೊಳೆದ ಬೆಳ್ಳಿ-ಸೆಲ್ಯುಲೋಸ್ ಇದ್ದ ಇ. ಕೋಲೈ ಪ್ಲೇಟು 3 ಗಂಟೆಗೇ ಖಾಲಿ. ಜೊತೆಗೆ ಪರೀಕ್ಷಿಸಿದ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಮಾತ್ರ ಹಟ ಹಿಡಿಯಿತು, ಮರುದಿನದವರೆಗೆ ಕಾಯಿಸಿತು.

ತೊಳೆದ ನೀರಿನಲ್ಲಿ ಬೆಳ್ಳಿ ಅಯಾನು ಇರುತ್ತದೆ, ಅದನ್ನು ಈಗ ಸಿಂಕಿಗೆ ಸುರಿಯುವುದಿಲ್ಲ. ಅದಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕುತ್ತೇನೆ. ಮೊದಲ ದಿನ ನನ್ನನ್ನು ಅಳಿಸಿದ ಅದೇ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ, ಅದನ್ನು ಕಂದು ಬಾಟಲಿಯಲ್ಲಿ ಕೂಡಿಡುತ್ತಿದ್ದೇನೆ.