‘ನಿಂಗೆ ಹೇಗೆ ಗೊತ್ತಾಯ್ತು?’: ಪುಟ್ಟ ಮಕ್ಕಳಿಗೆ ಯೋಚಿಸುವುದನ್ನು ಮನೆಯಲ್ಲೇ ಕಲಿಸುವುದು ಹೇಗೆ

ಒಂದು ಬಕೆಟ್‌ನಲ್ಲಿ ಅರ್ಧದಷ್ಟು ನೀರು ತುಂಬಿಸಿ. ಪಕ್ಕದಲ್ಲಿ ಒಂದು ನಾಣ್ಯ, ಬೀಗದ ಕೈ, ಮರದ ಸೌಟು, ಚಿಕ್ಕ ಸ್ಟೀಲ್ ಬಟ್ಟಲು ಇಡಿ. ನಾಲ್ಕೈದು ವರ್ಷದ ಮಗುವನ್ನು ಕೂರಿಸಿಕೊಂಡು, ‘ಇದರಲ್ಲಿ ಯಾವುದು ಮುಳುಗುತ್ತೆ, ಯಾವುದು ತೇಲುತ್ತೆ?’ ಅಂತ ಕೇಳಿ. ನೀರಿಗೆ ಹಾಕುವ ಮೊದಲೇ ಕೇಳಬೇಕು. ಹಾಕಿದ ಮೇಲೆ ಕೇಳಿದರೆ ಮಗು ಕಂಡದ್ದನ್ನು ಹೇಳುತ್ತದೆ, ಅಷ್ಟೇ. ಮೊದಲೇ ಕೇಳಿದರೆ ಊಹಿಸಬೇಕಾಗುತ್ತದೆ, ಊಹೆಗೊಂದು ಕಾರಣ ಹುಡುಕಬೇಕಾಗುತ್ತದೆ.

ನನ್ನ ಮಗಳು ಐದು ವರ್ಷದವಳಿದ್ದಾಗ ಮೊದಲ ಸಲ ಈ ಆಟ ಆಡಿದೆವು. ‘ಭಾರ ಇರೋದು ಮುಳುಗುತ್ತೆ ಅಮ್ಮಾ’ ಅಂದಳು. ನಾಣ್ಯ ಮುಳುಗಿತು. ಬೀಗದ ಕೈಯೂ ಮುಳುಗಿತು. ಖುಷಿಯೋ ಖುಷಿ. ಆಮೇಲೆ ಸೌಟು ಹಾಕಿದಳು, ತೇಲಿತು. ನಾಣ್ಯವನ್ನು ಒಂದು ಕೈಯಲ್ಲಿ, ಒದ್ದೆ ಸೌಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಸೌಟೇ ಭಾರ! ಸುಮಾರು ಹೊತ್ತು ಮಾತೇ ಇಲ್ಲ. ಬಟ್ಟಲೂ ತೇಲಿತು. ಅದರ ಅಂಚನ್ನು ಬೆರಳಿನಿಂದ ಒತ್ತಿದಳು. ನೀರು ನುಗ್ಗಿತು, ಬಟ್ಟಲು ತಳ ಸೇರಿತು. ‘ಒಳಗೆ ನೀರು ಹೋದ್ರೆ ಮುಳುಗುತ್ತೆ’ ಅಂದಳು. ಪೂರ್ತಿ ಸರಿಯಾದ ಉತ್ತರವಲ್ಲ, ನಿಜ. ಆದರೆ ತಾನು ಹೇಳಿದ್ದು ತಪ್ಪು ಅಂತ ತಾನೇ ಕಂಡುಕೊಂಡು, ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಳಲ್ಲ, ನನಗೆ ಅಷ್ಟು ಸಾಕಾಯಿತು. ಸಾಂದ್ರತೆಯ, ಅಂದರೆ ಗಾತ್ರಕ್ಕೆ ಹೋಲಿಸಿದರೆ ವಸ್ತು ಎಷ್ಟು ಭಾರ ಅನ್ನುವುದರ, ಪಾಠ ಅವತ್ತು ಮಾಡಲಿಲ್ಲ. ನೀವೂ ಮಾಡಬೇಡಿ.

‘ವಿಮರ್ಶಾತ್ಮಕ ಚಿಂತನೆ’ ಅಂದರೆ ಏನೋ ದೊಡ್ಡದು ಅನಿಸುತ್ತದೆ. ಪುಟ್ಟ ಮಗುವಿನ ಮಟ್ಟಿಗೆ ಅದು ಇಷ್ಟೇ: ಯಾರೋ ಹೇಳಿದ್ದನ್ನಾಗಲಿ, ತನಗೇ ಅನಿಸಿದ್ದನ್ನಾಗಲಿ ನಂಬುವ ಮೊದಲು ‘ಇದು ಹೇಗೆ ಗೊತ್ತಾಯ್ತು?’ ಅಂತ ಒಂದು ಸಲ ನೋಡುವುದು.

ಸರಿ ಉತ್ತರಕ್ಕೂ ಕಾರಣ ಕೇಳಿ

ನಾವು ಜಾಸ್ತಿ ಎಡವುವುದು ಇಲ್ಲೇ. ಮಗು ತಪ್ಪು ಹೇಳಿದಾಗ ಮಾತ್ರ ‘ಹೇಗೆ ಗೊತ್ತು?’ ಅಂತ ಕೇಳುತ್ತೇವೆ. ನಾಲ್ಕು ದಿನದಲ್ಲಿ ಮಗುವಿಗೆ ಅರ್ಥವಾಗಿಬಿಡುತ್ತದೆ, ಅಮ್ಮ ಹೀಗೆ ಕೇಳಿದಳು ಅಂದರೆ ನಾನು ಹೇಳಿದ್ದು ತಪ್ಪು ಅಂತ. ತಕ್ಷಣ ಉತ್ತರ ಬದಲಾಯಿಸುತ್ತದೆ, ಯೋಚನೆ ಅಲ್ಲಿಗೆ ನಿಂತಿತು. ಆದ್ದರಿಂದ ಸರಿ ಹೇಳಿದಾಗಲೂ ಅದೇ ದನಿಯಲ್ಲಿ ಕೇಳಿ. ದನಿ ತುಂಬಾ ಮುಖ್ಯ. ವಿಚಾರಣೆಯ ದನಿ ಬೇಡ. ನಿಮಗೆ ನಿಜವಾಗಿ ತಿಳಿಯುವ ಆಸೆ ಇದೆ ಅಂತ ಮಗುವಿಗೆ ಕೇಳಿಸಬೇಕು.

ಕೇಳಿದ ಮೇಲೆ ಸುಮ್ಮನಿರಿ

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತುಕತೆ ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಕಾರಣಗಳೂ ಬಂದವು. ಮನೆಯಲ್ಲೂ ನಮ್ಮ ಕಥೆ ಅದೇ ಅಲ್ವಾ? ಕೇಳುವವರೂ ನಾವೇ, ಹೇಳುವವರೂ ನಾವೇ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ.

ವಯಸ್ಸು ನೋಡಿ ಕೇಳಿ

ಒಂದೇ ಥರದ ಎರಡು ಲೋಟಗಳಲ್ಲಿ ಸಮ ನೀರು ಹಾಕಿ. ಮಗುವಿನ ಕಣ್ಣೆದುರೇ ಒಂದನ್ನು ಎತ್ತರದ, ಸಪೂರ ಲೋಟಕ್ಕೆ ಸುರಿಯಿರಿ. ‘ಈಗ ಯಾವುದರಲ್ಲಿ ಜಾಸ್ತಿ?’ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟ ತೋರಿಸುತ್ತದೆ. ಸ್ವಿಟ್ಜರ್ಲೆಂಡ್‌ನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಮಾಡಿ ತೋರಿಸಿದ್ದರು. ಲೋಟ ಬದಲಾದರೂ ನೀರು ಅಷ್ಟೇ ಇದೆ ಅಂತ ಹೆಚ್ಚಿನ ಮಕ್ಕಳಿಗೆ ತಿಳಿಯುವುದು ಏಳರ ಆಸುಪಾಸಿನಲ್ಲಿ. ಹಾಗಾಗಿ ಗಾಬರಿ ಬೇಡ, ತಿದ್ದುವ ಅವಸರವೂ ಬೇಡ. ನೀರನ್ನು ಮತ್ತೆ ಹಳೆಯ ಲೋಟಕ್ಕೆ ಸುರಿದು ತೋರಿಸಿ, ‘ಈಗ?’ ಅಂತ ಕೇಳಿ, ಬಿಟ್ಟುಬಿಡಿ.

ಇನ್ನೊಬ್ಬರ ತಲೆಯೊಳಗೆ ಏನಿದೆ ಅಂತ ಊಹಿಸುವುದಕ್ಕೂ ಒಂದು ವಯಸ್ಸಿದೆ. ಒಂದು ಗೊಂಬೆ ಚೆಂಡನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಯಿತು. ಇನ್ನೊಂದು ಗೊಂಬೆ ಅದನ್ನು ಡಬ್ಬಕ್ಕೆ ಹಾಕಿತು. ವಾಪಸ್ ಬಂದ ಗೊಂಬೆ ಚೆಂಡನ್ನು ಎಲ್ಲಿ ಹುಡುಕುತ್ತದೆ? ಮೂರು ವರ್ಷದ ಮಗು ಸಾಮಾನ್ಯವಾಗಿ ‘ಡಬ್ಬದಲ್ಲಿ’ ಅನ್ನುತ್ತದೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂತ ಅದರ ಲೆಕ್ಕ. ನಾಲ್ಕು ದಾಟಿದ ಮೇಲೆ ‘ಬುಟ್ಟಿಯಲ್ಲಿ’ ಅನ್ನಲು ಶುರುಮಾಡುತ್ತವೆ. ಆಗಿನಿಂದ ಮಕ್ಕಳ ಜಗಳದಲ್ಲಿ ‘ಅವನು ಯಾಕೆ ಹಾಗೆ ಅಂದುಕೊಂಡಿರಬಹುದು?’ ಅಂತ ಕೇಳಿದರೆ ಉಪಯೋಗವಿದೆ.

ಜಾಹೀರಾತು ಬಂದಾಗ ಟಿವಿಯ ದನಿ ತಗ್ಗಿಸಿ, ‘ಇದನ್ನು ಯಾರು ಮಾಡಿದ್ದು? ನಾವು ಏನು ಮಾಡ್ಲಿ ಅಂತ?’ ಎಂದು ಕೇಳಿ. ಎಂಟರ ಒಳಗಿನ ಹೆಚ್ಚಿನ ಮಕ್ಕಳಿಗೆ ಅದು ತಮ್ಮನ್ನು ಒಪ್ಪಿಸಲು ಮಾಡಿದ್ದು ಅಂತ ಪೂರ್ತಿ ಹೊಳೆಯುವುದಿಲ್ಲ. ಪಕ್ಕದಲ್ಲಿ ನೀವು ಕೂತಿರಬೇಕು.

ನಿಮ್ಮನ್ನೂ ಕೇಳಲಿ

ಬೆಂಕಿ, ರಸ್ತೆ, ಔಷಧಿ, ಇವುಗಳಲ್ಲಿ ಮೊದಲು ಮಾತು ಕೇಳಬೇಕು, ಕಾರಣ ಆಮೇಲೆ. ಇದನ್ನು ಮಗುವಿಗೆ ಸ್ಪಷ್ಟವಾಗಿ ಹೇಳಿಡಿ. ಉಳಿದದ್ದರಲ್ಲಿ ‘ನಿಂಗೆ ಹೇಗೆ ಗೊತ್ತಮ್ಮಾ?’ ಅಂತ ನಿಮ್ಮನ್ನೂ ಕೇಳಲಿ. ‘ಇವತ್ತು ಮಳೆ ಬರುತ್ತೆ’ ಅಂದಿರಾ? ಮೋಡ ನೋಡಿ ಹೇಳಿದಿರೋ, ಫೋನ್ ನೋಡಿಯೋ, ಸುಮ್ನೆ ಅನಿಸಿತೋ, ಇದ್ದದ್ದು ಇದ್ದ ಹಾಗೆ ಹೇಳಿ. ಸಂಜೆ ಮಳೆ ಬರದಿದ್ದರೆ ‘ನಾನು ಅಂದುಕೊಂಡದ್ದು ತಪ್ಪಾಯ್ತು’ ಅಂತ ಮಗುವಿಗೆ ಕೇಳುವ ಹಾಗೆ ಹೇಳಿ. ಮೊದಲ ಸಲ ನಾಲಿಗೆ ತಡೆಯುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಮಗು ಆಕಳಿಸಿದರೆ ನಿಲ್ಲಿಸಿ. ಮಾರನೆಯ ದಿನ ಅದೇ ಬಕೆಟ್ ಇಡಿ. ಈ ಸಲ ವಸ್ತುಗಳನ್ನು ಮಗುವೇ ಆರಿಸಿ ತರಲಿ, ಊಹಿಸುವ ಸರದಿ ನಿಮ್ಮದು.